ಐದು ಖಾಸಗಿ ಪತ್ತೇದಾರರು, ಒಂದು ಮಿಕ್ಸಿ

ನನಗೆ ಇಂಗ್ಲಿಷ್ ಓದಲು ಬರುತ್ತದೆ, ಕೇಳಿ ಅರ್ಥ ಮಾಡಿಕೊಳ್ಳುವುದು ಅಷ್ಟಕ್ಕಷ್ಟೇ. ಅದರಲ್ಲೂ 1940ರ ದಶಕದ ಅಮೆರಿಕದ ರೇಡಿಯೊ ಪತ್ತೇದಾರ ಪಟಪಟ ಅಂತ ಶುರು ಮಾಡಿದರೆ ಅರ್ಧ ಮಾತು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಆದರೂ ಈ ಮಳೆಗಾಲ ಪೂರ್ತಿ ಅವರ ಜೊತೆ ಕಳೆದೆ. ಐದು ರೇಡಿಯೊ ನಾಟಕ ಸರಣಿ, ಒಂದೊಂದರಲ್ಲೂ ಕಡಿಮೆಯೆಂದರೆ ಹತ್ತು ಕಂತು. ಕೇಳಿದ್ದೆಲ್ಲ ಅಡುಗೆಮನೆಯಲ್ಲಿ. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕುಕ್ಕರಿನ ವಿಷಲ್‌ಗೆ ಮೀಸಲು.

ಹಾಗಾಗಿ ನನ್ನ ಅಳತೆಗೋಲು ಮಿಕ್ಸಿ. ಚಟ್ನಿ ರುಬ್ಬುವ ಅರ್ಧ ನಿಮಿಷ ಏನೂ ಕೇಳಿಸುವುದಿಲ್ಲ. ಆಫ್ ಮಾಡಿದ ಮೇಲೆ ಕತೆಯ ಎಳೆ ಮತ್ತೆ ಸಿಗುತ್ತದಾ? ಸಿಕ್ಕಿದರೆ ಪಾಸು.

'ಪ್ಯಾಟ್ ನೊವಾಕ್ ಫಾರ್ ಹೈರ್' ಮೊದಲ ದಿನವೇ ಫೇಲಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಬಂದರಿನಲ್ಲಿ ದೋಣಿ ಬಾಡಿಗೆಗೆ ಕೊಡುವ ನೊವಾಕ್, ದುಡ್ಡು ಕೊಟ್ಟರೆ ಯಾವ ಕೆಲಸಕ್ಕೂ ಸೈ. ದನಿ ಜ್ಯಾಕ್ ವೆಬ್ ಅವರದು. ಇಲ್ಲಿ ಎರಡು ಮಾತಿಗೊಂದು ಉಪಮೆ. ಬಾಗಿಲು ತೆರೆದರೂ ಉಪಮೆ, ಹೆಣ ಬಿದ್ದರೂ ಉಪಮೆ. ಒಂದನ್ನು ನಾನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಳ್ಳುವಷ್ಟರಲ್ಲಿ ಇನ್ನೆರಡು ಮುಗಿದಿರುತ್ತಿದ್ದವು. ಮಜಾ ಏನೆಂದರೆ ಕತೆ ತಪ್ಪಿದರೂ ನಷ್ಟವಿಲ್ಲ. ಯಾರೋ ಬಂದು ಕೆಲಸ ಒಪ್ಪಿಸುತ್ತಾರೆ, ನೊವಾಕ್ ತಲೆಗೆ ಏಟು ತಿನ್ನುತ್ತಾನೆ, ಎಚ್ಚರವಾದಾಗ ಪಕ್ಕದಲ್ಲಿ ಹೆಣ, ಇನ್‌ಸ್ಪೆಕ್ಟರ್ ಹೆಲ್‌ಮನ್ ಬಂದು ನೀನೇ ಕೊಂದಿದ್ದು ಅಂತಾನೆ. ವಾರವಾರವೂ ಸುಮಾರಾಗಿ ಇದೇ. ಹೆಲ್‌ಮನ್ ಆಗಿ ಗುರ್ ಅನ್ನುವವರು ರೇಮಂಡ್ ಬರ್. ಮುಂದೆ 1957ರಿಂದ ಟಿವಿಯಲ್ಲಿ ವಕೀಲ ಪೆರಿ ಮೇಸನ್ ಆದವರು ಇವರೇ. ಉಪ್ಪಿನಕಾಯಿ ಥರ ಇದು, ವಾರಕ್ಕೊಂದು ಹೋಳು ಸಾಕು.

'ದಿ ಅಡ್ವೆಂಚರ್ಸ್ ಆಫ್ ಫಿಲಿಪ್ ಮಾರ್ಲೊ' ಬಗ್ಗೆ ನನಗೆ ಆಸೆ ಜಾಸ್ತಿ ಇತ್ತು. ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಹುಟ್ಟಿಸಿದ ಪಾತ್ರ, ಊರು ಲಾಸ್ ಏಂಜಲೀಸ್. 1947ರ ಬೇಸಿಗೆಯಲ್ಲಿ ವ್ಯಾನ್ ಹೆಫ್ಲಿನ್ ಮಾಡಿದರು, 1948ರಿಂದ ಜೆರಾಲ್ಡ್ ಮೋರ್. ನಾನು ಕೇಳಿದ್ದು ಮೋರ್ ಅವರದು. ಶುರುವಿನಲ್ಲೇ ಅಪರಾಧದ ದಾರಿ ಹಿಡಿದವರ ಗತಿ ಏನಾಗುತ್ತದೆ ಅಂತ ಒಂದು ಗದರಿಕೆ ಬರುತ್ತದೆ. ಮೊದಲ ಸಲ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು! ಆ ಊರಿನ ಸೆಕೆ, ಖಾಲಿ ರಸ್ತೆ, ಬೂಟಿನ ಸದ್ದು, ಇವೆಲ್ಲ ಇಲ್ಲಿ ಕಣ್ಣಿಗೆ ಕಟ್ಟುವಷ್ಟು ಬೇರೆಲ್ಲೂ ಕಟ್ಟಲಿಲ್ಲ. ನಿರ್ದೇಶಕ ನಾರ್ಮನ್ ಮ್ಯಾಕ್‌ಡೊನೆಲ್ 1952ರಲ್ಲಿ 'ಗನ್‌ಸ್ಮೋಕ್' ರೇಡಿಯೊ ಸರಣಿ ಮಾಡಿದವರು, ಸದ್ದಿನ ಮೇಲಿನ ಹಿಡಿತ ಇಲ್ಲೇ ಗೊತ್ತಾಗುತ್ತದೆ. ಆದರೆ ಹತ್ತು ನಿಮಿಷದೊಳಗೆ ಮೂರು ಹೆಂಗಸರು, ನಾಲ್ಕು ಸುಳ್ಳು, ಒಂದು ಕೊಲೆ. ಚಟ್ನಿ ಮುಗಿಸಿ ಬಂದರೆ ಯಾರು ಯಾರ ಹೆಂಡತಿ ಅಂತಲೇ ತಿಳಿಯದು. ಮಾರ್ಲೊ ನೇರವಾಗಿ ನಮಗೇ ಹೇಳುತ್ತಾನೆ, ಹೇಳಿದ್ದನ್ನು ಇನ್ನೊಮ್ಮೆ ಹೇಳುವವನಲ್ಲ. ರಾತ್ರಿ ದೀಪ ಆರಿಸಿ, ಎರಡೂ ಕಿವಿ ಕೊಟ್ಟು ಕೇಳಬೇಕು.

ಆಮೇಲೆ ಹೊಳೆಯಿತು. ಪತ್ತೇದಾರ ತನ್ನ ಕತೆಯನ್ನು ಯಾರಿಗೆ ಹೇಳುತ್ತಿದ್ದಾನೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕೇಳುವವರೊಬ್ಬರು ಕತೆಯೊಳಗೇ ಇದ್ದರೆ ಅವರಿಗಾಗಿ ಅವನು ಆಗಾಗ ನಿಲ್ಲುತ್ತಾನೆ. ನನ್ನಂಥವರಿಗೂ ಉಸಿರಾಡಲು ಜಾಗ ಸಿಗುತ್ತದೆ.

ಸ್ಯಾಮ್ ಸ್ಪೇಡ್ ಇದಕ್ಕೆ ಚೆನ್ನಾದ ಉದಾಹರಣೆ. 1946ರಲ್ಲಿ ಶುರುವಾದ ಸರಣಿ, ವಿಲಿಯಂ ಸ್ಪಿಯರ್ ನಿರ್ದೇಶನ. ಹಾವರ್ಡ್ ಡಫ್ ಮಾಡುವ ಸ್ಪೇಡ್ ಮೊದಲು ಆಫೀಸಿಗೆ ಫೋನ್ ಮಾಡುತ್ತಾನೆ, ಆಮೇಲೆ ಬಂದು ಸೆಕ್ರೆಟರಿ ಎಫಿಗೆ ಕೇಸಿನ ವರದಿ ಬರೆಸುತ್ತಾನೆ. ತಾರೀಖು, ಲೈಸೆನ್ಸ್ ನಂಬರ್ ಎಲ್ಲ ಶಿಸ್ತಾಗಿ ಹೇಳಿ, ಮುಂದಿನದೆಲ್ಲ ತರಲೆ. ಲುರೀನ್ ಟಟಲ್ ಮಾಡಿದ ಎಫಿ ನಡುನಡುವೆ ಅಯ್ಯೋ ಅನ್ನುತ್ತಾಳೆ, ಮುನಿಸಿಕೊಳ್ಳುತ್ತಾಳೆ, ಮರುಗುತ್ತಾಳೆ. ಇವಳ ದನಿ ಕೇಳಿದರೆ ಸಾಕು, ಈಗ ನಗಬೇಕೋ ಗಾಬರಿಯಾಗಬೇಕೋ ಅಂತ ನನಗೂ ತಿಳಿಯುತ್ತಿತ್ತು. ಪ್ರಾಯೋಜಕರ ತಲೆಗೂದಲಿನ ಕ್ರೀಮ್ ಜಾಹೀರಾತಿನ ಹಾಡು ಬಾಯಿಪಾಠವಾಗಿದೆ, ಬೇಕಿರಲಿಲ್ಲ. ಈ ಸರಣಿಗೆ ಬಂದ ಗತಿ ಮಾತ್ರ ಬೇಸರದ್ದು. 1950ರಲ್ಲಿ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ಜೋರಾಗಿತ್ತು. ಡಫ್ ಹೆಸರು 'ರೆಡ್ ಚಾನೆಲ್ಸ್' ಅನ್ನುವ ಪಟ್ಟಿಗೆ ಸೇರಿತು. ಪಾತ್ರ ಹುಟ್ಟಿಸಿದ ಡ್ಯಾಶಿಯೆಲ್ ಹ್ಯಾಮೆಟ್ ಮೇಲೂ ಕಣ್ಣು ಬಿದ್ದಿತ್ತು, 1951ರಲ್ಲಿ ಅವರು ಜೈಲಿಗೂ ಹೋದರು. ಡಫ್ ಜಾಗಕ್ಕೆ ಸ್ಟೀವ್ ಡನ್ ಬಂದರು. ಅವರ ಒಂದು ಕಂತು ಕೇಳಿದೆ. ಪಾಪ, ದನಿ ತೀರಾ ಹುಡುಗನದು. 1951ರಲ್ಲಿ ಸರಣಿಯೂ ನಿಂತುಹೋಯಿತು.

'ರಿಚರ್ಡ್ ಡೈಮಂಡ್' (1949) ಹಗುರ. ನಟ ಡಿಕ್ ಪವೆಲ್ ಮೊದಲು ಹಾಡುವ ನಾಯಕ. ಹಾಗಾಗಿ ಕೊಲೆಗಾರ ಸಿಕ್ಕ ಮೇಲೆ ಡೈಮಂಡ್ ಗೆಳತಿ ಹೆಲೆನ್ ಮನೆಗೆ ಹೋಗಿ, ಪಿಯಾನೊ ಮುಂದೆ ಕೂತು ಒಂದು ಹಾಡು ಹಾಡುತ್ತಾನೆ. ನಮಗೆ ಇದೇನು ಹೊಸದಲ್ಲ ಬಿಡಿ, ಕೊಲೆಯ ಸಿನಿಮಾದಲ್ಲೂ ಐದು ಹಾಡು ನೋಡಿದವರು ನಾವು. ಮಿಕ್ಸಿಯಲ್ಲಿ ಪಾಸು, ಮರುದಿನ ಒಂದೂ ನೆನಪಿರುವುದಿಲ್ಲ.

ಕೊನೆಗೆ 'ಯುವರ್ಸ್ ಟ್ರೂಲಿ, ಜಾನಿ ಡಾಲರ್'. ಇದರ ಪ್ರಯೋಗದ ಧ್ವನಿಮುದ್ರಣ ಮಾಡಿದ್ದು ಡಿಕ್ ಪವೆಲ್ ಅವರೇ, ಆದರೆ ಆಮೇಲೆ ಡೈಮಂಡ್ ಕಡೆ ಹೋದರು. ಡಾಲರ್ ಇನ್ಶೂರೆನ್ಸ್ ಕಂಪನಿಗಳಿಗೆ ಕೆಲಸ ಮಾಡುವ ತನಿಖೆಗಾರ, ಊರು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್. ಇಡೀ ಕತೆ ಅವನು ಕಂಪನಿಗೆ ಕಳಿಸುವ ಖರ್ಚಿನ ಬಿಲ್ಲು. ಟ್ಯಾಕ್ಸಿಗೆ ಇಷ್ಟು, ಟ್ರಂಕಾಲ್‌ಗೆ ಇಷ್ಟು, ಕುಡಿಸಿ ಬಾಯಿ ಬಿಡಿಸಿದ್ದಕ್ಕೆ ಇಷ್ಟು. ಮಿಕ್ಸಿ ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಒಂದು ಖರ್ಚು ಬರುತ್ತದೆ, ಎಲ್ಲಿದ್ದೇವೆ ಅಂತ ತಿಳಿಯುತ್ತದೆ. ಟೂರ್ ಬಿಲ್ಲು ಬರೆದವರಿಗೆಲ್ಲ ಇವನು ನೆಂಟ, ಅಲ್ವಾ?

ಆದರೆ ಯಾವ ನಟನ ಡಾಲರ್ ಅನ್ನುವುದು ಮುಖ್ಯ. 1949ರ ಚಾರ್ಲ್ಸ್ ರಸೆಲ್ ಟಿಪ್ಸ್ ಅಂತ ಬೆಳ್ಳಿ ಡಾಲರ್ ಎಸೆಯುವ ಶೋಕಿಲಾಲ, ಎರಡೇ ಕಂತಿಗೆ ಸಾಕಾಯಿತು. ಎಡ್ಮಂಡ್ ಒಬ್ರಯನ್ ಸದಾ ಸಿಡುಕು. ನಿಜವಾದ ಡಾಲರ್ 1955ರ ಅಕ್ಟೋಬರಿನಲ್ಲಿ ಬಂದ ಬಾಬ್ ಬೈಲಿ. ಜ್ಯಾಕ್ ಜಾನ್‌ಸ್ಟೋನ್ ಸರಣಿಯ ಹೊಣೆ ಹೊತ್ತು, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 15 ನಿಮಿಷದಂತೆ ಒಂದು ಕತೆ ಹೇಳಿಸಿದರು. ಒಂದೇ ಕತೆಗೆ ಒಂದೂಕಾಲು ಗಂಟೆ! ಬೇರೆ ಸರಣಿಗಳಲ್ಲಿ ಸುಳಿವು ಕೊಟ್ಟು ಸಾಯುವುದಕ್ಕಷ್ಟೇ ಬರುವ ಜನ ಇಲ್ಲಿ ಕೂತು ಮಾತಾಡುತ್ತಾರೆ. ಬೈಲಿ ಸುಸ್ತಾಗುತ್ತಾರೆ, ಮೋಸ ಹೋಗುತ್ತಾರೆ, ಕೆಲವು ಸಲ ಬಿಲ್ಲು ಓದುವಾಗ ದನಿಯೇ ಏಳುವುದಿಲ್ಲ. ಈ ಐದು ಕಂತಿನ ಏರ್ಪಾಡು ಒಂದು ವರ್ಷಕ್ಕೆ ಸ್ವಲ್ಪ ಜಾಸ್ತಿ ನಡೆಯಿತು. ಆಮೇಲೆ ಮತ್ತೆ ಅರ್ಧ ಗಂಟೆ. 1960ರಲ್ಲಿ ಕೆಲಸವೆಲ್ಲ ಹಾಲಿವುಡ್‌ನಿಂದ ನ್ಯೂಯಾರ್ಕಿಗೆ ಹೋದಾಗ ಬೈಲಿ ಬಿಟ್ಟರು. ಸರಣಿ 1962ರ ಸೆಪ್ಟೆಂಬರ್ 30ರವರೆಗೆ ನಡೆಯಿತು.

ಬೈಲಿಯ ಕಂತು ಶುರುವಾಗುವುದೇ ಫೋನಿನ ಗಂಟೆಯಿಂದ. ಒಂದು ದಿನ ಇಯರ್‌ಫೋನ್ ಕೆಟ್ಟು ಸ್ಪೀಕರಿನಲ್ಲೇ ಹಾಕಿದ್ದೆ. ಇಂಗ್ಲಿಷ್ ಬಾರದ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಮೂರನೇ ದಿನ ಗಂಟೆ ಬಾರಿಸಿದಾಗ ತಲೆ ಎತ್ತದೇ ಹೇಳಿದರು, "ತಗೋ, ಮತ್ತೆ ಅವನಿಗೆ ಕೆಲಸ ಬಂತು."