ಸಿಗ್ನಲ್ ಆ್ಯಪ್: ಸೊಪ್ಪು-ತರಕಾರಿ ಮಾತಿಗೂ ಬೀಗ ಬೇಕಾದವನ ಅನುಭವ

2021ರ ಜನವರಿಯಲ್ಲಿ ವಾಟ್ಸ್ಆ್ಯಪ್ ಹೊಸ ಷರತ್ತು ಹಾಕಿದಾಗ ಎಲ್ಲರೂ ಸಿಗ್ನಲ್‌ಗೆ ಓಡಿದ್ದು ನೆನಪಿದೆಯಲ್ವಾ? ನಮ್ಮ ಆಫೀಸಿನವರು ಸ್ವಲ್ಪ ದಿನದಲ್ಲೇ ವಾಪಸ್ ಹೋದರು. ನಾನು ಉಳಿದುಕೊಂಡೆ. ದುಡ್ಡು ಕೇಳಲ್ಲ, ಜಾಹೀರಾತಿಲ್ಲ, ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು, ಇದೆಲ್ಲ ನಿಮಗೆ ಗೊತ್ತಿರುವುದೇ.

ನನ್ನ ಕಥೆ ಬೇರೆ. ಕುವೆಂಪುನಗರದಲ್ಲಿ ಓನರ್ ಮನೆಯ ಮೇಲಿನ ಬಾಡಿಗೆ ಮನೆ. ನಾನು, ನನ್ನ ಸಂಗಾತಿ. ಇಬ್ಬರೂ ಗಂಡಸರು. ಕೆಳಗಿನವರ ಲೆಕ್ಕದಲ್ಲಿ ನಾವು ಒಂದೇ ಆಫೀಸಿನ ಫ್ರೆಂಡ್ಸ್. ಮೈಸೂರಲ್ಲಿ ಮನೆ ಹುಡುಕಿದವರಿಗೆ 'ಫ್ಯಾಮಿಲಿಗೆ ಮಾತ್ರ' ಅನ್ನೋ ಬೋರ್ಡು ಹೊಸದಲ್ಲ. ಸಿಕ್ಕಿರುವ ಮನೆ ಬಿಟ್ಟರೆ ಮತ್ತೆ ಅಡ್ವಾನ್ಸ್, ಬ್ರೋಕರ್, ನೂರೆಂಟು ಪ್ರಶ್ನೆ.

ಹಿಂದೆ ಬೇರೊಂದು ಆ್ಯಪ್ ಬಳಸುತ್ತಿದ್ದೆ, ಹೆಸರು ಬೇಡ. ಅದು ನನ್ನ ಫೋನಿನ ನಂಬರೆಲ್ಲಾ ಎತ್ತಿಕೊಂಡು ಹೋಗಿ, ನನ್ನ ಸಂಗಾತಿಯನ್ನು ದೊಡ್ಡಪ್ಪನ ಮಗನಿಗೆ 'ನಿಮಗೆ ಪರಿಚಯ ಇರಬಹುದು' ಅಂತ ತೋರಿಸಿತು. ಅವನು ಫೋನ್ ಮಾಡಿ, "ಲೋ, ಯಾರೋ ಇವ್ನು? ಎಲ್ಲಾ ಫೋಟೋದಲ್ಲೂ ನೀನೇ ಇದೀಯಲ್ಲೋ" ಅಂದ. ಆ ವರ್ಷ ಹಬ್ಬಕ್ಕೆ ಊರಿಗೆ ಹೋಗಲಿಲ್ಲ.

ಸಿಗ್ನಲ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ತಾನಾಗಿ ಅಳಿಸಿಹೋಗುವ ಮೆಸೇಜ್. ನಾವು ಒಂದು ವಾರಕ್ಕೆ ಇಟ್ಟಿದ್ದೇವೆ. ಓದಿ ಒಂದು ವಾರವಾದರೆ ಎರಡೂ ಫೋನಿನಿಂದ ಮಾಯ. ಹಾಗಂತ ಮಹಾ ಗುಟ್ಟೇನೂ ಅಲ್ಲಿಲ್ಲ. 'ದೇವರಾಜ ಮಾರ್ಕೆಟ್ ಕಡೆ ಹೋದರೆ ರಸಬಾಳೆ ತಾ', 'ಗ್ಯಾಸ್ ಬಂತಾ', 'ಸಂಜೆ ಕುಕ್ಕರಹಳ್ಳಿ ಕೆರೆ ಹತ್ತಿರ ಸಿಗು'. ಆದರೆ ಇಂಥ ಮಾತು ಐದು ವರ್ಷದ್ದು ಒಟ್ಟಿಗೆ ಓದಿದವರಿಗೆ ಇದೊಂದು ಸಂಸಾರ ಅಂತ ಗೊತ್ತಾಗಿಬಿಡುತ್ತದೆ.

ಇನ್ನೊಂದು ಖುಷಿ, ಐಕಾನ್ ಬದಲಿಸುವ ಸೌಲಭ್ಯ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ವೆದರ್, ನೋಟ್ಸ್, ನ್ಯೂಸ್ ಅಂತ ಹೆಸರಿನ ಸಮೇತ ವೇಷ ಹಾಕಬಹುದು. ನಾನು ವೆದರ್ ಹಾಕಿದೆ. ಒಂದು ದಿನ ಓನರ್ ಆಂಟಿ ನನ್ನ ಫೋನ್ ಇಣುಕಿ, "ನೋಡಪ್ಪಾ, ನಾಳೆ ಮಳೆ ಇದ್ಯಾ? ಸಂಡಿಗೆ ಹಾಕ್ಬೇಕು" ಅಂದರು. ಆಚೆ ಹೋಗಿ ಬೇರೆ ಆ್ಯಪಿನಲ್ಲಿ ನೋಡಿ ಬಂದು ಹೇಳಿದೆ. ಈಗ ಪ್ರತಿ ಬೇಸಿಗೆಯಲ್ಲೂ ಆ ಬೀದಿಯ ಹವಾಮಾನ ಇಲಾಖೆ ನಾನೇ.

ಆಗಾಗ ಪಿನ್ ನೆನಪಿದೆಯಾ ಅಂತಲೂ ಕೇಳುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಪಿನ್ ಒತ್ತುವುದು ಅಭ್ಯಾಸವಾಗಿದೆ. ಕೆಲವರಿಗೆ ಇದು ಕಿರಿಕಿರಿ. ನನಗೇನೋ ಇಷ್ಟ.

ಇನ್ನು ಸಿಟ್ಟಿನ ವಿಷಯ. ಗೌಪ್ಯತೆಯೇ ತನ್ನ ಕೆಲಸ ಅನ್ನುವ ಆ್ಯಪ್ ಬಾಗಿಲಲ್ಲೇ ಫೋನ್ ನಂಬರ್ ಕೇಳುತ್ತದೆ. ನಮ್ಮಲ್ಲಿ ಗುರುತಿನ ಚೀಟಿ ಕೊಡದೆ ಸಿಮ್ ಸಿಗಲ್ಲ. ಅದೇ ನಂಬರ್ ಹಾಲಿನವನಿಂದ ಹಿಡಿದು ಚಿಕ್ಕಮ್ಮನವರೆಗೆ ಎಲ್ಲರ ಹತ್ತಿರವೂ ಇರುತ್ತೆ. 2024ರಲ್ಲಿ ಯೂಸರ್‌ನೇಮ್ ತಂದರು, ನಂಬರ್ ಮುಚ್ಚಿಡಬಹುದು, ಸರಿ. ಆದರೆ 'ನಂಬರಿನಿಂದ ನನ್ನನ್ನು ಯಾರು ಹುಡುಕಬಹುದು' ಅನ್ನುವ ಕಡೆ ಮೊದಲೇ 'ಎಲ್ಲರೂ' ಅಂತ ಇಟ್ಟಿದ್ದಾರೆ. ಅದನ್ನು 'ಯಾರೂ ಬೇಡ' ಮಾಡದಿದ್ದರೆ, ನಿಮ್ಮ ನಂಬರ್ ಇಟ್ಟುಕೊಂಡಿರುವವರಿಗೆ ನೀವು ಸಿಗ್ನಲ್‌ನಲ್ಲಿ ಇದ್ದೀರಿ ಅಂತ ಗೊತ್ತಾಗುತ್ತದೆ. ಯಾರಿಗೆ ಅಪಾಯ ಜಾಸ್ತಿಯೋ ಅವರೇ ಹುಡುಕಿ ಬದಲಿಸಬೇಕು. ಇದು ನನಗೆ ಸುತಾರಾಂ ಒಪ್ಪಿಗೆಯಿಲ್ಲ.

ಓಪನ್ ಸೋರ್ಸ್ ಅಂತ ಸುಮ್ನೆ ಕೈಮುಗಿಯುವವರಿಗೂ ಒಂದು ಮಾತು. 2020ರ ಏಪ್ರಿಲ್‌ನಿಂದ ಸುಮಾರು ಒಂದು ವರ್ಷ ಸಿಗ್ನಲ್ ತನ್ನ ಸರ್ವರ್ ಕೋಡ್‌ನ ಹೊಸ ಬದಲಾವಣೆಗಳನ್ನು ಹೊರಗೆ ಹಾಕಿರಲಿಲ್ಲ. ಜನ ಕೇಳಿ ಕೇಳಿ ಆಮೇಲೆ ಹಾಕಿದರು. ಕೋಡ್ ತೆರೆದಿದ್ದರೆ ಸಾಲದು, ಅದನ್ನು ನೋಡುವವರೂ ಕೇಳುವವರೂ ಬೇಕು. ಆದರೂ ನಂಬಿಕೆ ಉಳಿದಿದೆ, ಕಾರಣವಿದೆ. ಅಮೆರಿಕದಲ್ಲಿ ಒಬ್ಬ ಬಳಕೆದಾರರ ಮಾಹಿತಿ ಕೊಡಿ ಅಂತ ಸಮನ್ಸ್ ಬಂದಾಗ ಅವರ ಬಳಿ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದದ್ದು ಯಾವಾಗ, ಕೊನೆಗೆ ಬಳಸಿದ್ದು ಯಾವಾಗ. ಇದು 2016ರಲ್ಲೇ ಬಹಿರಂಗವಾಯಿತು.

'ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ' ಅಂತ ಆಫೀಸಿನಲ್ಲಿ ಒಬ್ಬರು ಯಾವಾಗಲೂ ಹೇಳುತ್ತಾರೆ. ಅವರಿಗೆ ಸ್ವಂತ ಮನೆಯಿದೆ. ನಮ್ಮ ಮಹಾರಾಜ ಕಾಲೇಜಿನಲ್ಲಿ ಓದಿದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ನಮ್ಮಂಥವರ ಸಂಖ್ಯೆ ತೀರಾ ಕಡಿಮೆ ಅಂತ ಹಕ್ಕು ತಳ್ಳಿಹಾಕುವಂತಿಲ್ಲ ಅಂತಲೂ ಅಲ್ಲೇ ಬರೆದರು. ಮರುವರ್ಷ ಸೆಪ್ಟೆಂಬರ್ 6ಕ್ಕೆ ಸಲಿಂಗ ಸಂಬಂಧ ಅಪರಾಧ ಅನ್ನುತ್ತಿದ್ದ ಕಲಂ 377 ನಮ್ಮ ತಲೆ ಮೇಲಿಂದ ಇಳಿಯಿತು. ಕೋರ್ಟಿನ ಮಾತು ಓನರ್ ಗೇಟಿನವರೆಗೆ ಬರುವಷ್ಟು ದಿನ ಈ ವೆದರ್ ಐಕಾನ್ ಇರಲಿ.

ಐದರಲ್ಲಿ ನಾಲ್ಕು ಸ್ಟಾರ್. ಹಾಕಿಕೊಂಡ ಕೂಡಲೇ ಪ್ರೈವೆಸಿಯಲ್ಲಿ ಫೋನ್ ನಂಬರ್ ಒತ್ತಿ, ಎರಡೂ ಕಡೆ 'ಯಾರೂ ಬೇಡ' ಮಾಡಿ. ಲಾಕ್ ಸ್ಕ್ರೀನಿನಲ್ಲಿ ಹೆಸರು, ಮೆಸೇಜ್ ಎರಡೂ ಕಾಣದ ಹಾಗೆ ನೋಟಿಫಿಕೇಶನ್ ಬದಲಿಸಿ. ಆಮೇಲೆ ಬೇರೆಯವರಿಗೆ ಮೆಸೇಜ್ ಮಾಡಿ.