ಮೀನಿನ ಗಾಡಿಯಲ್ಲಿ ಕಾಫಿ ಗಿಡ: ನಾಲ್ಕು ಮಳೆಗಾಲ ಕಳೆದ ಮೇಲೆ

ಇದು ನಾನು ಹಳೆಯದಾಗಿ ಕೊಂಡ ಸಣ್ಣ ಗೂಡ್ಸ್ ಗಾಡಿಯ ವಿಮರ್ಶೆ, ಕಂಪನಿ ಹೆಸರು ಬರೆಯುವುದಿಲ್ಲ. ನನ್ನ ಕೈಗೆ ಬರುವಾಗ ಗಾಡಿಗೆ ಒಂಬತ್ತು ವರ್ಷ, ನಾನು ಮೂರನೇ ಓನರ್. ಅದರ ಮೈಮೇಲೆ ಆಗಿದ್ದಕ್ಕೆಲ್ಲ ಕಂಪನಿಯವರನ್ನು ಬೈದರೆ ನ್ಯಾಯವಲ್ಲ. ಎರಡು ಸಿಲಿಂಡರ್ ಡೀಸೆಲ್, ಸೀಟಿನ ಅಡಿಯಲ್ಲಿ ಇಂಜಿನ್, ಮುಕ್ಕಾಲು ಟನ್ ಲೋಡ್. ಈ ಜಾತಿಯ ಗಾಡಿ ನೀವೆಲ್ಲ ನೋಡಿದ್ದೀರಿ, ಉಳಿದ ಲೆಕ್ಕ ಬೇಡ. 2013ರ ಮಾಡೆಲ್, 2022ರ ಫೆಬ್ರವರಿಯಲ್ಲಿ 1,45,000 ರೂಪಾಯಿಗೆ ತಂದೆ.

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ನರ್ಸರಿ. ಕಾಫಿ ಗಿಡ, ಮೆಣಸಿನ ಬಳ್ಳಿ, ಸ್ವಲ್ಪ ಸಿಲ್ವರ್ ಓಕ್. ಗಿಡ ನೆಡುವುದು ಜೂನ್ ಆದ ಮೇಲೆ, ಅಂದರೆ ನಮ್ಮ ವ್ಯಾಪಾರ ನಡೆಯುವುದೇ ಸುರಿಯುವ ಮಳೆಯಲ್ಲಿ. ಮೊದಲೆಲ್ಲ ಪಿಕಪ್ ಬಾಡಿಗೆಗೆ ಕರೆಯುತ್ತಿದ್ದೆವು. ಟ್ರಿಪ್ಪಿಗೆ 1,800, ಸೀಸನ್ನಿಗೆ ಐವತ್ತು ಟ್ರಿಪ್ ಅಂದರೂ 90,000. ಅದಕ್ಕಿಂತ ಕಷ್ಟದ ಮಾತೆಂದರೆ ಮಳೆ ಜೋರಾದ ದಿನ ಪಿಕಪ್‌ನವರು ಫೋನ್ ಎತ್ತುವುದಿಲ್ಲ. ಆಳುಗಳು ಗುಂಡಿ ತೆಗೆದು ಕಾಯುತ್ತಿರುತ್ತಾರೆ, ಗಿಡ ಇಲ್ಲ. ಆಮೇಲೆ ತೋಟದ ಮಾಲೀಕರ ಫೋನು ನನಗೆ.

ಮೈಸೂರು ಕಡೆಯ ಒಂದು ಹಳೇ ಗಾಡಿ ಮಾರುವ ಯಾರ್ಡ್‌ನಲ್ಲಿ ಗಾಡಿ ನೋಡಿದೆ. ಅಲ್ಲಿದ್ದವನು ಬಾನೆಟ್ಟೇ ಇಲ್ಲದ ಗಾಡಿಯ ಮುಂಭಾಗ ತಟ್ಟಿ "ತರಕಾರಿ ಗಾಡಿ ಸಾರ್, ಹೂವಿನ ಹಾಗೆ ಇಟ್ಟಿದ್ದಾರೆ" ಅಂದ. ಇಂಜಿನ್ ಕೇಳಿದೆ, ಹೊಗೆ ನೋಡಿದೆ, ಚಡಾವಿನಲ್ಲಿ ಮೊದಲ ಗೇರ್ ಹಾಕಿ ಕ್ಲಚ್ ನೋಡಿದೆ. ನಂಬರ್ ಪ್ಲೇಟಿನಲ್ಲಿ ಕೆಎ 19 ಅಂತ ಮಂಗಳೂರಿನ ನಂಬರ್ ಎದ್ದು ಕಾಣುತ್ತಿತ್ತು. ಅಡಿಯಲ್ಲಿ ಹೊಸದಾಗಿ ಬಳಿದ ಕಪ್ಪು ಪೇಂಟ್ ಮಿರಮಿರ ಮಿಂಚುತ್ತಿತ್ತು. ಎರಡನ್ನೂ ನೋಡಿದ್ದೇನೆ, ಕೂಡಿಸಿ ನೋಡಲಿಲ್ಲ. ಫೆಬ್ರವರಿ ಬಿಸಿಲಿಗೆ ಗಾಡಿ ಗರಿಗರಿ ಒಣಗಿತ್ತು, ಮೂಗಿಗೆ ಏನೂ ಬರಲಿಲ್ಲ.

ಮಾರ್ಚಿನಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಬಂತು. ಅವತ್ತು ಸಂಜೆ ಗಾಡಿಯ ಹತ್ತಿರ ಹೋದರೆ ಏನೋ ಸತ್ತ ವಾಸನೆ. ಇಲಿ ಇರಬೇಕು ಅಂತ ಸೀಟ್ ಎತ್ತಿ, ಬ್ಯಾಟರಿ ಪೆಟ್ಟಿಗೆ ತೆಗೆದು ಹುಡುಕಿದೆವು. ನಮ್ಮ ಅಮ್ಮ ಅಂಗಳದಿಂದಲೇ ಮೂಗು ಎತ್ತಿ ಒಂದೇ ಮಾತು ಹೇಳಿದರು: "ಇಲಿ ಅಲ್ಲ ಮಗ, ಮತ್ತಿ." ಮತ್ತಿ ಅಂದರೆ ಬೂತಾಯಿ ಮೀನು. ಎಂಟು ಹತ್ತು ದಿನಕ್ಕೆ ರೋಬಸ್ಟಾ ಕಾಫಿ ಅರಳಿತು. ಆ ದಿನಗಳಲ್ಲಿ ಕೊಡಗಿನಲ್ಲಿ ಇದ್ದವರಿಗೆ ಗೊತ್ತು, ರಸ್ತೆಯುದ್ದಕ್ಕೂ ಮಲ್ಲಿಗೆ ಮಾರುಕಟ್ಟೆಯೊಳಗೆ ನಡೆದ ಹಾಗಿರುತ್ತದೆ. ಅದರ ನಡುವೆ ನಾನು ಮೀನು ಮಾರ್ಕೆಟ್ ಹೊತ್ತುಕೊಂಡು ಓಡಾಡುತ್ತಿದ್ದೆ. ತೋಟದ ಆಳುಗಳ ಲೈನ್ ಮನೆಗಳ ಮುಂದೆ ನಿಲ್ಲಿಸಿದರೆ ಎಲ್ಲಿಂದಲೋ ಮೂರು ಬೆಕ್ಕು ಹಾಜರು. ಹೆಂಗಸರು ಪಾತ್ರೆ ಹಿಡಿದು ಬಂದು "ಮೀನು ಎಷ್ಟು?" ಅಂತ ಕೇಳಿದ್ದೂ ಇದೆ.

ಸೋಪಿನ ಪುಡಿ, ಬ್ಲೀಚಿಂಗ್, ನಿಂಬೆ, ಹಳೇ ಕಾಫಿ ಗಸಿ, ಎಲ್ಲ ಆಯಿತು. ತೊಳೆದಾಗ ಹೋಗುತ್ತದೆ, ಮಳೆ ಬಂದಾಗ ಬರುತ್ತದೆ. ವಾಸನೆಯಷ್ಟೇ ಆಗಿದ್ದರೆ ನಗಾಡಿ ಸುಮ್ಮನಾಗುತ್ತಿದ್ದೆ. ಜೂನ್ ಎರಡನೇ ವಾರ ಮಾದಾಪುರದ ಕಡೆ ಒಂದು ತೋಟದಲ್ಲಿ ಗಿಡ ಇಳಿಸುತ್ತಿದ್ದೆವು. ನಮ್ಮ ಹುಡುಗ ಹಿಂದೆ ನಿಂತು ಗಿಡದ ತೊಟ್ಟೆ (ಪ್ಲಾಸ್ಟಿಕ್ ಚೀಲ) ಎತ್ತಿ ಕೊಡುತ್ತಿದ್ದವನು "ಅಣ್ಣಾ, ಕಾಲು" ಅಂದ. ತಿರುಗಿ ನೋಡಿದರೆ ಅವನ ಎಡಗಾಲಿನ ಹಿಮ್ಮಡಿ ಫ್ಲೋರ್ ಶೀಟಿನೊಳಗೆ ಇಳಿದಿದೆ. ಗಮ್ ಬೂಟ್ ಹಾಕಿದ್ದರಿಂದ ಗಾಯ ಆಗಲಿಲ್ಲ. ಬೂಟು ಅಲ್ಲೇ ಬಿಟ್ಟು ಕಾಲು ಎಳೆದುಕೊಂಡ. ಕೆಳಗೆ ಬಗ್ಗಿ ನೋಡಿದರೆ ಬೂಟಿನ ಹಿಮ್ಮಡಿ ಹಲಸಿನಕಾಯಿ ತರ ನೇತಾಡುತ್ತಿತ್ತು.

ಕುಶಾಲನಗರದಲ್ಲಿ ಒಬ್ಬ ವೆಲ್ಡರ್ ಶೀಟ್ ಪೂರ್ತಿ ಎಬ್ಬಿಸಿದ. ಅಡಿಯ ಅಡ್ಡಪಟ್ಟಿಗಳ ಮೂಲೆಯಲ್ಲಿ ಕೆಸರು, ಬಿಳಿ ಉಪ್ಪಿನ ಹೆಪ್ಪು, ಅದರೊಳಗೆ ಮೀನಿನ ಪೊರೆ. ಉಗುರಿನಷ್ಟು, ಬೆಳಕಿಗೆ ಹಿಡಿದರೆ ಇನ್ನೂ ಹೊಳೆಯುತ್ತಿತ್ತು. ಕರಾವಳಿಯಿಂದ ಸಂಪಾಜೆ ಘಾಟಿ ಹತ್ತಿ ಬರುವ ಮೀನು ಐಸಿನಲ್ಲಿ ಬರುತ್ತದೆ. ಕರಗಿದ ನೀರಿಗೆ ಉಪ್ಪು ಸೇರಿ ಜಾಯಿಂಟುಗಳಲ್ಲಿ ಇಳಿಯುತ್ತದೆ. ನೀರು ಆರಿದರೂ ಉಪ್ಪು ಅಲ್ಲೇ ಕೂತು, ಗಾಳಿಯ ತೇವ ಎಳೆದುಕೊಂಡು, ಕಬ್ಬಿಣಕ್ಕೆ ಒಣಗಲು ಬಿಡುವುದಿಲ್ಲ. ಅದರ ಮೇಲೆ ಕಪ್ಪು ಪೇಂಟ್ ಬಳಿದರೆ ತುಕ್ಕಿಗೆ ಕಂಬಳಿ ಹೊದೆಸಿದ ಹಾಗೆ, ಒಳಗೊಳಗೇ ತಿನ್ನುತ್ತದೆ. ಹೊಸ ಶೀಟ್, ಎರಡು ಅಡ್ಡಪಟ್ಟಿ, ಮಜೂರಿ ಎಲ್ಲ ಸೇರಿ 21,500. ಯಾರ್ಡಿನವನಿಗೆ ಫೋನ್ ಮಾಡಿದೆ. "ಮೀನೂ ಊಟಾನೇ ಅಲ್ವಾ ಸಾರ್" ಅಂದ.

ಹಾಗಾಗಿ ಹಳೇ ಗಾಡಿ ನೋಡಲು ಹೋಗುವವರು ಇಂಜಿನ್ ಆಮೇಲೆ ನೋಡಿ. ಮೊದಲು ಹಿಂದಿನ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ತುದಿಯಿಂದ ಮೂಲೆಗಳನ್ನು ಕುಟ್ಟಿ. ಟಣ್ ಅಂದರೆ ಸರಿ, ಡಬ್ ಅಂದರೆ ಬೇಡ. ಅಡಿಯಲ್ಲಿ ಪೇಂಟ್ ಹೊಸತಾಗಿದ್ದರೆ ಯಾಕೆ ಅಂತ ಕೇಳಿ. ಎರಡು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಸಿಲಿಗೆ ಬಿಟ್ಟು ಮೂಸಿ ನೋಡಿ. ನಾಚಿಕೆ ಪಡಬೇಡಿ, ದುಡ್ಡು ನಿಮ್ಮದು. ಹೆಸರು ಬದಲಿಸಲು ಫಾರಂ 29, 30 ಬೇಕು ಅಂತ ಎಲ್ಲರೂ ಹೇಳುತ್ತಾರೆ, ಸಾಲ ಇದ್ದ ಗಾಡಿಯಾದರೆ ಸಾಲ ತೀರಿದೆ ಅನ್ನುವ 35ನ್ನೂ ಮರೆಯಬೇಡಿ. ಎಂಟು ವರ್ಷ ದಾಟಿದ ಗಾಡಿಗೆ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ವರ್ಷ ವರ್ಷ. ಆ ಖರ್ಚು, ಅದಕ್ಕಾಗಿ ಮಡಿಕೇರಿಯಲ್ಲಿ ಕಳೆಯುವ ಒಂದು ದಿನ, ಎರಡನ್ನೂ ಬೆಲೆಯಲ್ಲಿ ಕಳೆದು ಮಾತಾಡಿ. ಲೈಸೆನ್ಸ್ ಬಗ್ಗೆ ಹೆದರುವುದು ಬೇಡ. ನನ್ನದು ಬರೀ ಹಗುರ ಗಾಡಿಯದು, ಅಂದರೆ ಎಲ್‌ಎಂವಿ. 7,500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಅದೇ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿ ಆಗಿದೆ.

ಆ ಜೂನ್‌ನಲ್ಲಿ ಯಾರಾದರೂ ಒಂದು ಲಕ್ಷ ಕೊಟ್ಟಿದ್ದರೆ ಕೀ ಎಸೆದು ಬರುತ್ತಿದ್ದೆ. ಯಾರೂ ಕೇಳಲಿಲ್ಲ, ಗಾಡಿ ಉಳಿಯಿತು. ಉಳಿದ ಮೇಲೆ ಒಂದು ಸುಖ ಗೊತ್ತಾಯಿತು. ಅದನ್ನು ಯಾವ ಜಾಹೀರಾತಿನಲ್ಲೂ ಬರೆಯುವುದಿಲ್ಲ: ಸೀಟು ಬಿಸಿ.

ಏಪ್ರಿಲ್‌ನಲ್ಲಿ ಇದೇ ಸೀಟಿಗೆ ಶಾಪ ಹಾಕಿದ್ದೆ, ಇಂಜಿನ್ ಮೇಲೆ ಕೂತು ದೋಸೆ ತರ ಬೇಯುವುದು. ಜುಲೈನಲ್ಲಿ, ನಾಲ್ಕು ದಿನ ಸೂರ್ಯನ ಮುಖ ಕಾಣದೆ, ಮನೆಯ ಬಟ್ಟೆಯೆಲ್ಲ ಹೊಗೆ ವಾಸನೆ ಹಿಡಿದು ಅರೆ ಒಣಗಿರುವಾಗ, ಇಡೀ ಊರಿನಲ್ಲಿ ಒಣಗಿದ ಜಾಗ ಇದೊಂದೇ. ಬೆಳಿಗ್ಗೆ ಆರಕ್ಕೆ ಕೀ ತಿರುಗಿಸಿ, ಇಂಜಿನ್ ಒಳಗಿನ ಹೀಟರ್ ಕಾಯುತ್ತಿದೆ ಅನ್ನುವ ಸುರುಳಿ ಚಿತ್ರದ ಹಳದಿ ದೀಪ ಆರುವ ತನಕ ಕಾಯುತ್ತೇನೆ. ಡಿಸೆಂಬರ್ ಆದರೆ ಎರಡು ಸಲ. ಆಮೇಲೆ ಸೆಲ್ಫ್. ಸೆಲ್ಫ್ ಮುನಿಸಿಕೊಂಡರೆ ಅಂತ ಗಾಡಿಯನ್ನು ಯಾವಾಗಲೂ ಇಳಿಜಾರಿಗೆ ಮುಖ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿರುತ್ತೇನೆ. ಹುಡುಗ ಕಲ್ಲು ತೆಗೆದರೆ ಸಾಕು, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಒಮ್ಮೆ ಜಗ್ಗಿ ಶುರುವಾಗುತ್ತದೆ. ಡ್ಯಾಶ್ ಮೇಲಿಟ್ಟ ಕಾಫಿ ಲೋಟ ಆ ನಡುಕಕ್ಕೆ ಬಲದಿಂದ ಎಡಕ್ಕೆ ತಾನೇ ನಡೆಯುತ್ತದೆ. ಅಂಚಿಗೆ ಬರುವಷ್ಟರಲ್ಲಿ ಕುಡಿದು ಮುಗಿಸಬೇಕು, ಅಷ್ಟೇ ಟೈಮು. ಹತ್ತು ನಿಮಿಷಕ್ಕೆ ಸೀಟಿನಡಿಯಿಂದ ಬಿಸಿ ಏರಿ ಬರುತ್ತದೆ. ಒದ್ದೆ ಸಾಕ್ಸ್ ಬಿಚ್ಚಿ ಇಬ್ಬರ ನಡುವೆ ಹರವಿದರೆ ಮಡಿಕೇರಿ ಮುಟ್ಟುವಾಗ ಒಣಗಿರುತ್ತದೆ. ಜಿಗಣೆ ಕಚ್ಚಿದ ಕಾಲು ಚಾಚಿ ಕೂತರೆ ಬಿಸಿನೀರ ಒಲೆ ಮುಂದೆ ಕೂತ ಹಾಗೆ. ನಮ್ಮ ಬೆಕ್ಕಿಗೆ ಮನೆಯೊಳಗಿನ ಒಲೆ ಬೇಡವಾಗಿದೆ. ಗಾಡಿ ಬಂದು ನಿಂತ ಕೂಡಲೇ ಕಿಟಕಿಯಿಂದ ಹಾರಿ ಡ್ರೈವರ್ ಸೀಟಿನಲ್ಲಿ ಮಲಗುತ್ತದೆ. ಬಿಸಿಗೋ ಮತ್ತಿಗೋ, ಅದನ್ನೇ ಕೇಳಬೇಕು.

ಕೆಲಸಕ್ಕೆ ಹೇಗೆ? ಒಣ ತೊಟ್ಟೆ ಒಂದು 900 ಗ್ರಾಂ, ಎರಡು ದಿನ ಮಳೆ ಕುಡಿದರೆ 1,300. ನಮ್ಮ ತಕ್ಕಡಿಯಲ್ಲೇ ತೂಗಿದ್ದು. ಅದಕ್ಕೆ ಒಣದಲ್ಲಿ 800 ಗಿಡ ಹಾಕುತ್ತೇನೆ, ಮಳೆಯಲ್ಲಿ 550ಕ್ಕೆ ನಿಲ್ಲಿಸುತ್ತೇನೆ. ಮೊದಲ ವರ್ಷ ಈ ಲೆಕ್ಕ ಗೊತ್ತಿಲ್ಲದೆ ತುಂಬಿ ಮಕ್ಕಂದೂರು ಕಡೆಯ ಏರಿನಲ್ಲಿ ಕ್ಲಚ್ ಪ್ಲೇಟ್ ಸುಟ್ಟೆ. 2018ರಲ್ಲಿ ಗುಡ್ಡ ಜಾರಿದ ಆ ರಸ್ತೆಯಲ್ಲಿ ನಿಂತು ಹೋಗುವುದು ಯಾರಿಗೂ ಬೇಡ. ಖಾಲಿಯಲ್ಲಿ ಲೀಟರಿಗೆ 17 ಕೊಡುತ್ತದೆ, ಲೋಡ್ ಹಾಕಿ ಘಾಟಿ ಹತ್ತಿದರೆ 13. ಪಿಕಪ್ ತಿರುಗಲಾಗದ ತೋಟದ ದಾರಿಯಲ್ಲಿ ಇದು ಎರಡೇ ಸಲ ಹಿಂದೆ ಮುಂದೆ ಮಾಡಿ ತಿರುಗುತ್ತದೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರೀ ಲಾರಿಗಳನ್ನು ನಿಲ್ಲಿಸಿದಾಗಲೂ ನಮಗೆ ತಡೆ ಇಲ್ಲ. ತೋಟದವರು "ನಾಲ್ಕು ಆಳು ಹಿಂದೆ ಕೂತು ಬರಲಿ" ಅಂತಾರೆ. ಆಗುವುದಿಲ್ಲ ಅನ್ನುತ್ತೇನೆ, ಎಷ್ಟೇ ಬೇಜಾರಾದರೂ. ಗೂಡ್ಸ್ ಗಾಡಿಯಲ್ಲಿ ಜನ ಹಾಕಿ ಏನಾದರೂ ಆದರೆ ಇನ್ಶೂರೆನ್ಸಿನವರು ಕಾಗದ ತಿರುಗಿಸಿಯೂ ನೋಡುವುದಿಲ್ಲ.

ನಾಲ್ಕು ವರ್ಷದ ರಿಪೇರಿ, ಟೈರು, ಕ್ಲಚ್, ಆ ಶೀಟು ಸೇರಿ 83,000 ಆಗಿದೆ, ಬರೆದಿಟ್ಟಿದ್ದೇನೆ. ಗಾಡಿಯ ಬೆಲೆ ಸೇರಿಸಿದರೂ ಬಾಡಿಗೆ ಕೊಡುತ್ತಿದ್ದುದಕ್ಕಿಂತ ಕಡಿಮೆಯೇ, ಡೀಸೆಲ್ ಬೇರೆ. ಹೊಸ ಗಾಡಿಯ ಕಂತು ಕಟ್ಟುವ ಶಕ್ತಿ ಇದ್ದವರು ಇದನ್ನು ಓದಬೇಕಿಲ್ಲ. ನನ್ನಂಥವರಿಗೆ ಐದರಲ್ಲಿ ಮೂರೂವರೆ. ಆ ಯಾರ್ಡಿಗೆ ಸೊನ್ನೆ.

ಕಳೆದ ವಾರ ಶನಿವಾರಸಂತೆ ಕಡೆಯ ಒಬ್ಬ ಶುಂಠಿ ಬೆಳೆಗಾರ ಗಾಡಿ ನೋಡಲು ಬಂದಿದ್ದ. 1,10,000ಕ್ಕೆ ಕೇಳಿದ. "ಏನು ಹಾಕ್ತಿದ್ರಿ?" ಅಂದ. ಗಿಡ, ಅಂದೆ. "ಅದಕ್ಕೆ ಮೊದಲು?" ಮೀನು, ಅಂದೆ. ಅವನು ಹಿಂದೆ ಹೋಗಿ ಹೊಸ ಶೀಟ್ ತಟ್ಟಿ ನೋಡಿ, ಕೆಳಗೆ ಬಗ್ಗಿ ನೋಡಿ, ಮತ್ತೆ ಮುಂದೆ ಬಂದು ಡ್ರೈವರ್ ಬಾಗಿಲು ತೆಗೆದ. ಬೆಕ್ಕು ಏಳಲಿಲ್ಲ. ಅದನ್ನು ಎಬ್ಬಿಸಲು ಅವನು ನನ್ನ ಮುಖ ನೋಡಿದ. ನಾನು ಎಬ್ಬಿಸಲಿಲ್ಲ.