ಬಿಸ್ಕತ್ತು ಬಿಟ್ಟ ಮೇಲೆ ಗುಂಡನಿಗೆ ಏನು? ಬಳ್ಳಾರಿಯಲ್ಲಿ ನಾಲ್ಕು ತಿಂಗಳ ಹೋಲಿಕೆ

ಜನವರಿ ಕೊನೆಯಲ್ಲಿ ಗುಂಡನನ್ನು ಲಸಿಕೆಗೆ ಕರೆದುಕೊಂಡು ಹೋಗಿದ್ದೆ. ತೂಕ ನೋಡಿದರೆ 38 ಕೆಜಿ. ಗುಂಡ ನಮ್ಮ ಲ್ಯಾಬ್ರಡಾರ್, ಐದು ವರ್ಷದವನು. ಅವನ ಮೈಕಟ್ಟಿಗೆ 31 ಕೆಜಿ ಸಾಕು ಅಂದರು ಡಾಕ್ಟರ್. ಎಷ್ಟು ಸಲ ಊಟ ಹಾಕುತ್ತೀರಿ ಎಂದು ಕೇಳಿದರು. ಎರಡೇ ಸಲ, ಅಳತೆ ಮಾಡಿಯೇ ಹಾಕುತ್ತೇನೆ ಅಂದೆ. "ಮತ್ತೆ ಬಿಸ್ಕತ್ತು?" ಅಂದರು. ನನಗೆ ಲೆಕ್ಕವೇ ಗೊತ್ತಿರಲಿಲ್ಲ.

ಮರುದಿನ ಕೂತು ಎಣಿಸಿದೆ. ಬೆಳಿಗ್ಗೆ ಅಪ್ಪನ ಚಹಾದ ಜೊತೆ ನಾಲ್ಕು. ಅಮ್ಮ ಪೂಜೆ ಮುಗಿಸಿ ಎದ್ದಾಗ ಎರಡು. ಮಗಳು ಶಾಲೆಯಿಂದ ಬಂದಾಗ ಮೂರು. ಸಂಜೆ ಚಹಾಕ್ಕೆ ಮತ್ತೆ ನಾಲ್ಕು. ಒಟ್ಟು 13 ಗ್ಲುಕೋಸ್ ಬಿಸ್ಕತ್ತು. ಒಂದು ಬಿಸ್ಕತ್ತು ಸುಮಾರು 5 ಗ್ರಾಂ, ಅದರಲ್ಲಿ 22 ಕ್ಯಾಲೊರಿ ಹತ್ತಿರ. ಒಟ್ಟು 286. ಸಂತಾನಹರಣ ಆಗಿರುವ 31 ಕೆಜಿ ನಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು 1,450 ಕ್ಯಾಲೊರಿ. ಟ್ರೀಟ್, ಅಂದರೆ ಊಟದ ಹೊರತು ಕೊಡುವ ತಿಂಡಿ, ಅದರಲ್ಲಿ ಹತ್ತನೇ ಒಂದು ಭಾಗ ಮೀರಬಾರದು. ಅಂದರೆ 145. ನಾವು ಅದರ ಎರಡು ಪಟ್ಟು ಕೊಡುತ್ತಿದ್ದೆವು. ಅದೂ ಕಾಲು ಭಾಗ ಸಕ್ಕರೆಯೇ ಇರುವ ತಿಂಡಿ.

ಅಪ್ಪನಿಗೆ ಹೇಳಿದೆ. ಅವರು ಜಗಳ ಮಾಡಲಿಲ್ಲ. "ಹಾಗಾದರೆ ನಾನು ಚಹಾ ಕುಡಿಯುವಾಗ ಅವನಿಗೆ ಏನು ಕೊಡಲಿ?" ಎಂದಷ್ಟೇ ಕೇಳಿದರು. ಐದು ವರ್ಷದಿಂದ ಅವರಿಬ್ಬರ ಬೆಳಗು ಶುರುವಾಗುವುದೇ ಹಾಗೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಫೆಬ್ರುವರಿಯಿಂದ ಮೇವರೆಗೆ ಒಂದೊಂದೇ ಟ್ರೀಟ್ ತಂದು ನೋಡಿದೆ.

ನೋಡಿದ್ದು ಮೂರು ನಾಯಿಗಳ ಮೇಲೆ. ಗುಂಡ ಒಬ್ಬ. ಎರಡನೆಯವಳು ಚೆನ್ನಿ, ನಮ್ಮ ಬೀದಿಯಿಂದ ಮನೆಗೆ ಬಂದ ನಾಡ ನಾಯಿ, 15 ಕೆಜಿ. ಅವಳ ಟ್ರೀಟ್ ಮಿತಿ 85 ಕ್ಯಾಲೊರಿ. ಮೂರನೆಯವನು ಭೀಮ, ಕೊಪ್ಪಳದಲ್ಲಿರುವ ನನ್ನ ಭಾವನ ಮುಧೋಳ ನಾಯಿ. ಅವನ ವಿಷಯ ಭಾವ ಫೋನಿನಲ್ಲಿ ಹೇಳುತ್ತಿದ್ದರು, ಎರಡು ಸಲ ನಾನೇ ಹೋಗಿ ನೋಡಿದೆ.

ಮೊದಲು ಪೈಪೋಟಿಗೆ ಬಿದ್ದದ್ದು ಪ್ಯಾಕೆಟ್ ಚಿಕನ್ ಸ್ಟಿಕ್ ಮತ್ತು ಬೇಯಿಸಿದ ಕೋಳಿ ಲಿವರ್. ಇವೆರಡನ್ನೂ ಕರೆದಾಗ ವಾಪಸ್ ಬರುವ ಅಭ್ಯಾಸಕ್ಕೆ ಬಳಸಿದೆ. ಬಳ್ಳಾರಿ ಗುಡ್ಡದ ಕಡೆ ಬೆಳಿಗ್ಗೆ ಐದೂವರೆಗೆ ಹೋಗುತ್ತೇವೆ. ಮಾರ್ಚ್ ದಾಟಿದ ಮೇಲೆ ಎಂಟು ಗಂಟೆಗೇ ಟಾರ್ ರಸ್ತೆ ಕಾದಿರುತ್ತದೆ, ಪಾದ ಸುಡುತ್ತದೆ. ಅಂಗೈ ಹಿಂಭಾಗವನ್ನು ರಸ್ತೆ ಮೇಲೆ ಏಳು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯನ್ನು ನಡೆಸಬೇಡಿ.

ಚಿಕನ್ ಸ್ಟಿಕ್ ಸುಲಭ. ಜೇಬಿಗೆ ಹಾಕಿಕೊಂಡರೆ ಆಯಿತು. ಕತ್ತರಿಯಲ್ಲಿ ಚೂರು ಮಾಡಬಹುದು. ವಾಸನೆಗೆ ಗುಂಡ ದೂರದಿಂದಲೇ ಓಡಿ ಬರುತ್ತಿದ್ದ. ಆದರೆ ಪ್ಯಾಕೆಟ್ ತಿರುಗಿಸಿ ಓದಿದೆ. ಕೆಲವಲ್ಲಿ ಕೋಳಿಗಿಂತ ಮೊದಲು ಹಿಟ್ಟು, ಪಿಷ್ಟ ಬರೆದಿರುತ್ತದೆ. ಪಟ್ಟಿಯಲ್ಲಿ ಯಾವುದು ಮೊದಲು ಇದೆಯೋ ಅದರ ತೂಕವೇ ಜಾಸ್ತಿ. ಮೆತ್ತಗಿರಲಿ ಎಂದು ಗ್ಲಿಸರಿನ್ ಹಾಕಿರುತ್ತಾರೆ. ಇನ್ನೊಂದು ತೊಂದರೆ ನಮ್ಮ ಊರಿನ ಬಿಸಿಲಿನದು. ಒಂದು ಪ್ಯಾಕೆಟ್ ಸ್ಕೂಟರ್ ಡಿಕ್ಕಿಯಲ್ಲಿ ಮಧ್ಯಾಹ್ನ ಪೂರ್ತಿ ಉಳಿದುಬಿಟ್ಟಿತು. ಸಂಜೆ ತೆಗೆದರೆ ಎಣ್ಣೆ ಬಿಟ್ಟು ಒಂದಕ್ಕೊಂದು ಅಂಟಿಕೊಂಡಿತ್ತು. ಅದನ್ನು ಎಸೆದೆ.

ಒಣಗಿಸಿದ ಕೋಳಿ ಪಟ್ಟಿ, ಅಂದರೆ ಜರ್ಕಿ, ನಾನು ತರಲಿಲ್ಲ. ಜರ್ಕಿ ತಿಂದ ನಾಯಿಗಳಿಗೆ ಕಾಯಿಲೆ ಬಂತು ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ 2007ರಿಂದ ವರ್ಷಗಟ್ಟಲೆ ದೂರು ಬಂದವು. ಹೆಚ್ಚಿನವು ಚೀನಾದಲ್ಲಿ ತಯಾರಾದ ಸರಕು. ಕೆಲವು ನಾಯಿಗಳಿಗೆ ಕಿಡ್ನಿ ತೊಂದರೆ ಆಗಿತ್ತು. ಓದಿದ ಮೇಲೆ ಮನಸ್ಸು ಒಪ್ಪಲಿಲ್ಲ.

ಲಿವರ್ ಕೆಲಸ ಜಾಸ್ತಿ. ಕೌಲ್ ಬಜಾರಿನಿಂದ ಅರ್ಧ ಕೆಜಿ ತರುತ್ತೇನೆ. ನಮ್ಮ ಮನೆಯಲ್ಲಿ ಅಮ್ಮ ಮಾಂಸ ಮುಟ್ಟುವುದಿಲ್ಲ, ಅಡುಗೆಮನೆಗೆ ತರುವಂತಿಲ್ಲ. ಅದಕ್ಕೇ ಮಾಳಿಗೆ ಮೇಲೆ ಸಣ್ಣ ಒಲೆ, ಬೇರೆ ಪಾತ್ರೆ, ಬೇರೆ ಚಾಕು. ಉಪ್ಪು ಹಾಕದೆ ಹನ್ನೆರಡು ನಿಮಿಷ ಬೇಯಿಸಿ, ಆರಿದ ಮೇಲೆ ಕಡಲೆ ಕಾಳಿನ ಗಾತ್ರಕ್ಕೆ ಕತ್ತರಿಸುತ್ತೇನೆ. ಆಮೇಲೆ ತವದ ಮೇಲೆ ಸಣ್ಣ ಉರಿಯಲ್ಲಿ ನೀರು ಆರಿಸಬೇಕು. ಬಿಸಿಲಿಗೆ ಇಡಬೇಡಿ, ನೊಣ ಮುತ್ತುತ್ತವೆ. ದಿನಕ್ಕೊಂದು ಪೊಟ್ಟಣದಂತೆ ಫ್ರೀಜರಿನಲ್ಲಿ ಇಟ್ಟರೆ ಎರಡು ವಾರ ಬರುತ್ತದೆ. ಫ್ರೀಜರಿಗೂ ಅಮ್ಮನನ್ನು ಒಪ್ಪಿಸಬೇಕಾಯಿತು. ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿ, ಕೆಳಗಿನ ಮೂಲೆ, ಅಲ್ಲಿಗೆ ಮಾತು ನಿಂತಿತು.

ಕೆಲಸದ ವಿಷಯಕ್ಕೆ ಬಂದರೆ ಲಿವರ್ ಮುಂದೆ ಏನೂ ನಿಲ್ಲಲಿಲ್ಲ. ಒಂದೊಂದು ಟ್ರೀಟಿಗೂ ಹತ್ತು ಹತ್ತು ಸಲ ಕರೆದು ನೋಡಿದೆ. ಬಿಸ್ಕತ್ತಿಗೆ ಗುಂಡ ಆರು ಸಲ ಬಂದಿದ್ದ, ಸ್ಟಿಕ್‌ಗೆ ಎಂಟು ಸಲ. ಲಿವರಿಗೆ ಹತ್ತಕ್ಕೆ ಹತ್ತು. ಅದರಲ್ಲಿ ಒಂದು ಸಲ ಹಂದಿ ಹಿಂಡು ಎದುರಿಗೇ ಇತ್ತು. ಚೆನ್ನಿ ಬೀದಿಯಲ್ಲಿ ಬೆಳೆದವಳು, ಕೈಗೆ ಬೇಗ ಬರುವವಳಲ್ಲ. ಅವಳೂ ಲಿವರಿಗೆ ತಿರುಗಿ ಬಂದಳು. ಅವತ್ತು ನನಗಾದ ಸಂತೋಷ ಹೇಳಲಾರೆ. ಕಡಲೆ ಕಾಳಿನಷ್ಟು ಚೂರಿನಲ್ಲಿ ಒಂದು ಕ್ಯಾಲೊರಿಯೂ ಇಲ್ಲ. ಇಪ್ಪತ್ತು ಸಲ ಕೊಟ್ಟರೂ ಒಂದು ಬಿಸ್ಕತ್ತಿಗೆ ಸಮ ಆಗುವುದಿಲ್ಲ. ನಾಯಿಗೆ ಚೂರು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಷ್ಟು ಸಲ ಸಿಕ್ಕಿತು ಅನ್ನುವುದೇ ಮುಖ್ಯ.

ಮಿತಿಯೂ ಇದೆ. ಲಿವರಿನಲ್ಲಿ ಎ ಜೀವಸತ್ವ ತುಂಬಾ ಇರುತ್ತದೆ, ದಿನಾ ಜಾಸ್ತಿ ಕೊಟ್ಟರೆ ಮೈಯಲ್ಲಿ ಸೇರಿಕೊಂಡು ಮೂಳೆಗೆ ಕೆಡಕು. ಮೊದಲ ವಾರ ನಾನು ಉತ್ಸಾಹಕ್ಕೆ ಕೈಬಿಚ್ಚಿ ಕೊಟ್ಟು, ಗುಂಡನ ಮಲ ಕಪ್ಪಾಗಿ ತೆಳ್ಳಗಾಗಿತ್ತು. ಈಗ ವಾರಕ್ಕೆ ಮೂರು ದಿನ, ಅಭ್ಯಾಸಕ್ಕೆ ಮಾತ್ರ.

ಆದರೆ ಅಪ್ಪನ ಚಹಾಕ್ಕೆ ಲಿವರ್ ಆಗುವುದಿಲ್ಲ. ಅವರೂ ಅದನ್ನು ಕೈಯಲ್ಲಿ ಹಿಡಿಯುವುದಿಲ್ಲ.

ಕಚ್ಚಿ ಕೂರುವ ಟ್ರೀಟ್ ಇನ್ನೊಂದು ದೊಡ್ಡ ವಿಷಯ. ಮಧ್ಯಾಹ್ನ ಕರೆಂಟ್ ಹೋದಾಗ ಗುಂಡ ಏದುಸಿರು ಬಿಡುತ್ತಾ ಮನೆಯೆಲ್ಲ ಸುತ್ತುತ್ತಾನೆ. ಅರ್ಧ ಗಂಟೆ ಒಂದು ಕಡೆ ಮಲಗಿಸುವಂಥದ್ದು ಬೇಕಿತ್ತು. ಇಲ್ಲಿ ಚರ್ಮದ ಗಂಟು ಮೂಳೆ ಮತ್ತು ಯಾಕ್ ಚೀಸ್ ಕಡ್ಡಿ, ಎರಡನ್ನೂ ನೋಡಿದೆ.

ಚರ್ಮದ ಮೂಳೆ ಬಗ್ಗೆ ಹೇಳುವಾಗ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ. ದನದ ತೊಗಲಿನ ಒಳಪದರ ತೆಗೆದು, ರಾಸಾಯನಿಕದಲ್ಲಿ ತೊಳೆದು, ಸುತ್ತಿ ಒಣಗಿಸಿದ್ದು ಅದು. ಗುಂಡ ಇಪ್ಪತ್ತು ನಿಮಿಷ ಜಗಿದು ಮೆತ್ತಗೆ ಮಾಡಿ ತುದಿಯ ಗಂಟನ್ನು ಹಾಗೇ ನುಂಗಿಬಿಟ್ಟ. ರಾತ್ರಿ ಹತ್ತಕ್ಕೆ ಕತ್ತು ಚಾಚಿ ಒಣ ವಾಂತಿ ಶುರುವಾಯಿತು. ಜೊಲ್ಲು ಸುರಿಯುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ, ಆಟೋದಲ್ಲಿ ಕರೆದೊಯ್ಯಲು ಎತ್ತುವಾಗಲೇ ಅದು ಹೊರಬಂತು. ನುಂಗಿದ್ದಕ್ಕಿಂತ ಉಬ್ಬಿತ್ತು, ನನ್ನ ಹೆಬ್ಬೆರಳಿನಷ್ಟು ದಪ್ಪ. ಅದು ಕರುಳಿಗೆ ಇಳಿದಿದ್ದರೆ ಆಪರೇಷನ್ನೇ ಗತಿ. ಮಗಳು ಆ ರಾತ್ರಿ ಅವನ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿದಳು. ಉಳಿದ ಎರಡನ್ನೂ ಬೆಳಿಗ್ಗೆ ಕಸಕ್ಕೆ ಹಾಕಿದೆ. ನಿಮ್ಮ ನಾಯಿ ನಿಧಾನವಾಗಿ ಜಗಿಯುವಂಥದ್ದೇ ಆದರೂ ಇದನ್ನು ಕೊಡಬೇಡಿ ಅಂತಲೇ ನಾನು ಹೇಳುತ್ತೇನೆ.

ಯಾಕ್ ಚೀಸ್ ಅಂದರೆ ಹಿಮಾಲಯದ ಕಡೆಯ ಛುರ್ಪಿ. ಯಾಕ್ ಅಥವಾ ಹಸುವಿನ ಹಾಲು ಒಡೆದು, ಹಿಂಡಿ, ತಿಂಗಳುಗಟ್ಟಲೆ ಒಣಗಿಸಿ ಕಲ್ಲಿನಂತೆ ಮಾಡುತ್ತಾರೆ. ಅಲ್ಲಿನ ಜನರೂ ಬಾಯಲ್ಲಿಟ್ಟು ಚೀಪುತ್ತಾರೆ. ವಾಸನೆ ಇಲ್ಲ, ಬಿಸಿಲಿಗೆ ಕೆಡುವುದಿಲ್ಲ, ಅಮ್ಮನ ತಕರಾರೂ ಇಲ್ಲ. ಬೆಲೆ ಮಾತ್ರ ಕೈ ಸುಡುತ್ತದೆ, ನಾನು ಕೊಟ್ಟದ್ದು ಒಂದಕ್ಕೆ 350 ರೂಪಾಯಿ. ಚೆನ್ನಿ ಅದನ್ನು ಮುಂಗಾಲಲ್ಲಿ ಹಿಡಿದು ಹನ್ನೆರಡು ದಿನ ಕೆರೆದಳು. ಅವಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಗುಂಡ ಹಾಗಲ್ಲ. ಅವನು ಹಿಂದಿನ ಹಲ್ಲಿಗೆ ಹಾಕಿ ಪೂರ್ತಿ ಬಲ ಹಾಕಿ ಮುರಿಯಲು ನೋಡುತ್ತಾನೆ. ಆ ಸದ್ದಿಗೇ ನನಗೆ ಭಯವಾಯಿತು. ಡಾಕ್ಟರ್ ಒಂದು ಪರೀಕ್ಷೆ ಹೇಳಿಕೊಟ್ಟರು. ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳಬೇಕು. ಬೀಳದಷ್ಟು ಗಟ್ಟಿ ಇದ್ದರೆ ಮೇಲಿನ ದೊಡ್ಡ ದವಡೆ ಹಲ್ಲು ಸೀಳಬಹುದು. ಛುರ್ಪಿ ಮೇಲೆ ಗುರುತು ಬೀಳಲಿಲ್ಲ. ಗುಂಡನಿಗೆ ನಿಲ್ಲಿಸಿದೆ. ಚೆನ್ನಿಗೆ ವಾರಕ್ಕೆರಡು ದಿನ, ಹತ್ತು ನಿಮಿಷ, ನಾನು ಎದುರಿಗಿರುವಾಗ ಮಾತ್ರ. ಕೊನೆಯ ತುಂಡು ಗಂಟಲಿಗೆ ಸಿಕ್ಕುವಷ್ಟು ಸಣ್ಣದಾದಾಗ ನೀರಲ್ಲಿ ನೆನೆಸಿ ಮೈಕ್ರೋವೇವ್‌ನಲ್ಲಿ ಅರ್ಧ ನಿಮಿಷ ಬಿಟ್ಟರೆ ಹಪ್ಪಳದಂತೆ ಉಬ್ಬುತ್ತದೆ. ಚೆನ್ನಾಗಿ ಆರಿದ ಮೇಲೆ ಅದನ್ನು ಗುಂಡನಿಗೂ ಕೊಡಬಹುದು.

ಡೆಂಟಲ್ ಸ್ಟಿಕ್, ಅಂದರೆ ಹಲ್ಲು ಶುಚಿಗೆಂದು ಜಗಿಯಲು ಕೊಡುವ ಕಡ್ಡಿ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗುಂಡ ಒಂದು ನಿಮಿಷದಲ್ಲಿ ಮುಗಿಸಿದ. ಹಲ್ಲಿಗೆ ತಾಗಿ ಉಜ್ಜಿದರೆ ಅಲ್ವಾ ಪ್ರಯೋಜನ? ನಾಯಿ ಪೇಸ್ಟ್ ಹಾಕಿ ನಾವೇ ಉಜ್ಜುವುದು ಮೇಲು. ನಮ್ಮ ಪೇಸ್ಟ್ ಬೇಡ, ಅವು ಉಗುಳುವುದಿಲ್ಲ.

ಗುಂಡನ ಮಧ್ಯಾಹ್ನಕ್ಕೆ ಕೊನೆಗೆ ಸಿಕ್ಕಿದ್ದು ತಣ್ಣನೆಯ ತಿಂಡಿ. ಬೀಜ, ಸಿಪ್ಪೆ ತೆಗೆದ ಕಲ್ಲಂಗಡಿಯನ್ನು ಫ್ರೀಜರಿನಲ್ಲಿಟ್ಟು ಎರಡು ತುಂಡು ಕೊಟ್ಟೆ. 100 ಗ್ರಾಂಗೆ 30 ಕ್ಯಾಲೊರಿ ಅಷ್ಟೇ. ಸೌತೆಕಾಯಿ ಅದರಲ್ಲೂ ಅರ್ಧ. ಉಪ್ಪು, ಒಗ್ಗರಣೆ ಇಲ್ಲದ ತೆಳು ಮಜ್ಜಿಗೆಯನ್ನು ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ್ದೂ ಅವನಿಗೆ ಇಷ್ಟ. ಚೆನ್ನಿಗೆ ಮಜ್ಜಿಗೆ ಹಿಡಿಸಲಿಲ್ಲ, ಭೇದಿ ಆಯಿತು. ಅವಳಿಗೆ ಸೌತೆಕಾಯಿಯೇ ಸರಿ. ಹಣ್ಣು ಕೊಡಬಹುದು ಅಂತ ದ್ರಾಕ್ಷಿ ಮಾತ್ರ ಕೊಡಬೇಡಿ, ಒಣದ್ರಾಕ್ಷಿಯೂ ಬೇಡ. ನಾಯಿಯ ಕಿಡ್ನಿ ಕೆಡುತ್ತದೆ. ಪ್ರಸಾದದಲ್ಲಿ ಬಂದ ಒಣದ್ರಾಕ್ಷಿಯನ್ನು ಅಮ್ಮ ಪ್ರೀತಿಯಿಂದ ಅವನ ಬಾಯಿಗೆ ಹಾಕುತ್ತಿದ್ದರು. ವಿಷಯ ತಿಳಿದ ದಿನ ಅವರ ಮುಖ ಬಾಡಿತು. ಅವತ್ತಿನಿಂದ ಬೀದಿಯಲ್ಲಿ ನಾಯಿ ಸಾಕಿದವರಿಗೆಲ್ಲ ಅವರೇ ಹೇಳುತ್ತಾರೆ.

ಕೊಪ್ಪಳದ ಭೀಮನಿಗೆ ಇದ್ಯಾವುದೂ ಬೇಡ. ಕ್ಯಾರೆಟ್ ಮೂಸಿ ಬಿಟ್ಟ. ಕಲ್ಲಂಗಡಿ ನೆಕ್ಕಿ ಬಿಟ್ಟ. ಎರೆ ಹೊಲದ ಅಂಚಿನಲ್ಲಿ ಬಿಟ್ಟರೆ ಕಣ್ಣು ದೂರದಲ್ಲೇ ನೆಟ್ಟಿರುತ್ತದೆ, ಕಣ್ಣಿಂದ ಬೇಟೆ ಆಡುವ ತಳಿ ಅಲ್ವಾ. ಮೊಲ ಎದ್ದರೆ ಲಿವರೂ ನೆನಪಿರುವುದಿಲ್ಲ. ಅವನಿಗೆ ಹಿಡಿಸಿದ್ದು ಬೇಯಿಸಿದ ಮೊಟ್ಟೆ. ಒಂದು ಮೊಟ್ಟೆ 75 ಕ್ಯಾಲೊರಿ ಹತ್ತಿರ, ಎಂಟು ಚೂರು ಮಾಡಿ ಕೊಡುತ್ತಾರೆ. ಹಸಿ ಮೊಟ್ಟೆ ಬೇಡ, ಅದರ ಬಿಳಿ ಭಾಗ ಬಯೋಟಿನ್ ಎಂಬ ಜೀವಸತ್ವ ಮೈಗೆ ಸೇರದಂತೆ ತಡೆಯುತ್ತದೆ. ಭಾವ ಇನ್ನೊಂದು ಮಾತು ಹೇಳಿದರು. ಅವರ ಮನೆಯಲ್ಲಿ ನಾಯಿಗೆ ಬಿಸ್ಕತ್ತು ಹಾಕುವ ರೂಢಿಯೇ ಇರಲಿಲ್ಲ, ಅಜ್ಜನ ಕಾಲದಿಂದ ರೊಟ್ಟಿ ಚೂರೇ.

ಆ ಮಾತು ತಲೆಯಲ್ಲಿ ಉಳಿಯಿತು. ನಮ್ಮ ಮನೆಯಲ್ಲೂ ಖಡಕ್ ರೊಟ್ಟಿ ಇತ್ತು. ಜೋಳದ ಹಿಟ್ಟು, ನೀರು ಬಿಟ್ಟರೆ ಏನೂ ಇಲ್ಲ. ಎಣ್ಣೆ ಇಲ್ಲ, ಸಕ್ಕರೆ ಇಲ್ಲ. ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ನಮ್ಮ ಒಣ ಬಿಸಿಲಿಗೆ ಇನ್ನೂ ಗರಿಗರಿ ಆಗುತ್ತದೆ. ನಾಯಿಗೆ ಬೇಯಿಸಿದ ಪಿಷ್ಟ ಜೀರ್ಣವಾಗುತ್ತದೆ. ತೋಳಕ್ಕೂ ನಾಯಿಗೂ ಇರುವ ವ್ಯತ್ಯಾಸಗಳಲ್ಲಿ ಅದೂ ಒಂದು. ಎರಡು ಗ್ರಾಂ ಚೂರಿಗೆ 7 ಕ್ಯಾಲೊರಿ. ಎಂಟು ಚೂರಿಗೆ 56. ಅಷ್ಟೇ ಸಂಖ್ಯೆಯ ಬಿಸ್ಕತ್ತಿಗೆ 176.

ಲೆಕ್ಕ ಸರಿ, ಆದರೆ ಗುಂಡ ಒಪ್ಪಬೇಕಲ್ಲ? ಅಪ್ಪ ಮೊದಲ ದಿನ ರೊಟ್ಟಿ ಮುರಿದಾಗ ಕಟ್ ಎಂದು ಸದ್ದಾಯಿತು. ಬಿಸ್ಕತ್ತು ಮುರಿದಾಗ ಬರುವಂಥದ್ದೇ ಸದ್ದು. ಗುಂಡ ಎದ್ದು ಓಡಿ ಬಂದು ಕೂತ. ಚೂರು ತಿಂದ. ಇನ್ನೊಂದಕ್ಕೆ ಅಪ್ಪನ ಕೈ ನೋಡಿದ. ರುಚಿಯಲ್ಲಿ ಲಿವರಿಗೆ ಸಾಟಿಯಲ್ಲ. ಗುಡ್ಡದ ಹತ್ತಿರ ರೊಟ್ಟಿ ತೋರಿಸಿ ಕರೆದರೆ ಹತ್ತಕ್ಕೆ ಐದು ಸಲ ಬರುತ್ತಾನೆ. ಆದರೆ ಚಹಾದ ಹೊತ್ತಿಗೆ ಅವನಿಗೆ ಬೇಕಾಗಿದ್ದದ್ದು ಆ ಸದ್ದು, ಅಪ್ಪನ ಕೈ, ಪಕ್ಕದಲ್ಲಿ ಕೂರುವುದು.

ಒಂದು ಎಚ್ಚರಿಕೆ ಇಲ್ಲಿ ತುಂಬಾ ಮುಖ್ಯ. ಬರೀ ರೊಟ್ಟಿಯೇ ಆಗಿರಬೇಕು. ಶೇಂಗಾ ಚಟ್ನಿಪುಡಿ ಹತ್ತಿದ ರೊಟ್ಟಿ ಬೇಡ. ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ. ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಅಪ್ಪ ಊಟ ಮಾಡುವಾಗ ಎಂಜಲು ತುತ್ತು ಕೊಡುವುದನ್ನು ಹೀಗೇ ನಿಲ್ಲಿಸಿದ್ದು. ಬೂಷ್ಟು ಹಿಡಿದ ಶೇಂಗಾ, ರೊಟ್ಟಿ ಯಾವುದೂ ಹಾಕಬೇಡಿ, ಬೂಷ್ಟಿನ ವಿಷ ಲಿವರ್ ಕೆಡಿಸುತ್ತದೆ.

ಉಣ್ಣಿಗೆ ಕೊಡುವ ಮಾತ್ರೆ ನುಂಗಿಸಲು ಉಪ್ಪು, ಸಕ್ಕರೆ ಇಲ್ಲದ ಶೇಂಗಾ ಬೆಣ್ಣೆ ಅರ್ಧ ಚಮಚ ಸಾಕು. ಕೊಳ್ಳುವ ಮುಂಚೆ ಡಬ್ಬಿಯಲ್ಲಿ ಕ್ಸೈಲಿಟಾಲ್, ಅಂದರೆ ಸಕ್ಕರೆ ಬದಲಿಗೆ ಹಾಕುವ ಸಿಹಿ, ಇದೆಯಾ ನೋಡಿ. ಇದ್ದರೆ ಅದು ನಾಯಿಗೆ ವಿಷ.

ಮೇ ಕೊನೆಗೆ ಗುಂಡನನ್ನು ಮತ್ತೆ ತೂಕ ಹಾಕಿಸಿದೆ. 35 ಕೆಜಿ. ಊಟದ ಅಳತೆ ಮೊದಲಿನದೇ. ಇನ್ನೂ ನಾಲ್ಕು ಇಳಿಯಬೇಕು, ಅವಸರ ಬೇಡ ಅಂದರು ಡಾಕ್ಟರ್. ಮೆಟ್ಟಿಲ ಹತ್ತಿರ ನಿಂತು ಯೋಚಿಸುತ್ತಿದ್ದವನು ಈಗ ಮಗಳ ಹಿಂದೆಯೇ ಮಾಳಿಗೆಗೆ ಹತ್ತುತ್ತಾನೆ.

ಅಪ್ಪ ಬೆಳಿಗ್ಗೆ ಚಹಾ ಲೋಟದ ಪಕ್ಕ ಸಣ್ಣ ಬಟ್ಟಲಲ್ಲಿ ನಾಲ್ಕು ಚೂರು ರೊಟ್ಟಿ ಎಣಿಸಿ ಇಟ್ಟುಕೊಳ್ಳುತ್ತಾರೆ. ಉಳಿದ ನಾಲ್ಕು ಸಂಜೆಗೆ. ಮುಗಿದ ಮೇಲೆ ಖಾಲಿ ಅಂಗೈ ತೋರಿಸುತ್ತಾರೆ. ಗುಂಡ ಅದನ್ನು ಒಮ್ಮೆ ನೆಕ್ಕಿ, ಅವರ ಕಾಲ ಮೇಲೆ ಗದ್ದ ಇಟ್ಟು ಮಲಗುತ್ತಾನೆ.